ಗಮನ ಸಾರ್ ನುಂಗಿದ ಮಾತ್ರೆ

ವಾಂತಿಗೆ ಈ ಲೋಕದಲ್ಲಿ ಇರುವ ಮರ್ಯಾದೆ ಹೆದರಿಕೆಗೆ ಇಲ್ಲ. ನಂಬಿಕೆ ಬರದಿದ್ದರೆ ನೀವೇ ಒಮ್ಮೆ ಬಸ್ಸಿನಲ್ಲಿ ಎದ್ದು ನಿಂತು "ನನಗೆ ವಾಂತಿ ಬರ್ತಿದೆ" ಎಂದು ಹೇಳಿ ನೋಡಿ. ಅರ್ಧ ಬಸ್ಸು ಎದ್ದು ಜಾಗ ಬಿಡುತ್ತದೆ. ತುಕ್ಕು ಹಿಡಿದ ಕಿಟಕಿಯೂ ತೆರೆಯುತ್ತದೆ. ಗುರುತು ಪರಿಚಯ ಇಲ್ಲದ ಹೆಂಗಸರು ನಿಮ್ಮ ಮೂಗಿಗೆ ನಿಂಬೆಹಣ್ಣು ಹಿಡಿಯುತ್ತಾರೆ. ಅದೇ ಬಸ್ಸಿನಲ್ಲಿ "ನನಗೆ ಹೆದರಿಕೆ ಆಗ್ತಿದೆ" ಎಂದು ಹೇಳಿ ನೋಡಿ. ಪಕ್ಕದವನು ಮೊದಲು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾನೆ, ಆಮೇಲೆ ನಗುತ್ತಾನೆ. ಹೊಟ್ಟೆ ತೊಳಸಿದರೆ ರೋಗಿ, ಎದೆ ಹೊಡೆದುಕೊಂಡರೆ ಪುಕ್ಕಲ. ಇದು ಯಾವ ಸೀಮೆ ನ್ಯಾಯ ಎಂದು ಯಾರೂ ಕೇಳುವುದಿಲ್ಲ. ಗಮನ ಸಾರ್ ಕೂಡ ಕೇಳಲಿಲ್ಲ. ಅವರು ಸುಮ್ಮನೆ ವಾಂತಿಯ ಪಕ್ಷ ಸೇರಿಕೊಂಡರು.

ಗಮನ ಸಾರ್ ಎಂದರೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವರು. ವಿಚಾರಣೆ ಕಿಟಕಿಯ ಪಕ್ಕದ ಗಾಜಿನ ಗೂಡಿನಲ್ಲಿ ಅವರಿಗೆ ಒಂದು ಕುರ್ಚಿ, ತಲೆ ಅಲ್ಲಾಡಿಸುವ ಒಂದು ಫ್ಯಾನು, ಒಂದು ಮೈಕು, ಮೈಕಿಗೊಂದು ಕೆಂಪು ಗುಂಡಿ. ಗುಂಡಿ ಒತ್ತಿ ಗಂಟಲು ಸರಿ ಮಾಡಿಕೊಂಡು "ಪ್ರಯಾಣಿಕರ ಗಮನಕ್ಕೆ" ಎಂದು ಅವರು ಶುರು ಮಾಡಿದರೆ ಟೀ ಕುಡಿಯುತ್ತಿದ್ದವರ ಲೋಟ ಅರ್ಧಕ್ಕೆ ನಿಲ್ಲುತ್ತಿತ್ತು. ಹಾಗಾಗಿ ಅವರ ನಿಜವಾದ ಹೆಸರು ಊರಿಗೆ ಮರೆತುಹೋಗಿತ್ತು. ಹೆಂಡತಿಯ ತಮ್ಮಂದಿರೂ "ಗಮನದ ಭಾವ" ಎಂದೇ ಕರೆಯುತ್ತಿದ್ದರು. ಅವರ ಮಾತು ಕೇಳಿಕೊಂಡು ಊರಿನ ಜನರೆಲ್ಲ ಮದುವೆಗೆ, ಆಸ್ಪತ್ರೆಗೆ, ಕೋರ್ಟಿಗೆ, ಪರೀಕ್ಷೆಗೆ ಹೋಗಿಬರುತ್ತಿದ್ದರು. ಅವರು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಬಸ್ಸು ಹತ್ತಿ ಕೆಲಸಕ್ಕೆ ಬರುವ ಕಷ್ಟವೇ ಬೇಡವೆಂದು ನಿಲ್ದಾಣದ ಹಿಂಗೋಡೆಗೆ ಅಂಟಿಕೊಂಡ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದರು.

ಇದಕ್ಕೆಲ್ಲ ಕಾರಣ ಒಂದು ಹಳೆಯ ಪ್ರಯಾಣ. ಮದುವೆಯಾದ ಹೊಸದರಲ್ಲಿ ಷಡ್ಡಕನ ಮನೆಗೆಂದು ಹೆಂಡತಿಯ ಜೊತೆ ಬಸ್ಸು ಹತ್ತಿದ್ದರು. ಊರು ದಾಟಿದ್ದೇ ತಡ, ಏನೂ ಇಲ್ಲದೆ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಅಂಗೈ ತಣ್ಣಗಾಯಿತು, ಕಾಲು ಜೋಮು ಹಿಡಿಯಿತು, ಈ ಬಸ್ಸಿನ ಬಾಗಿಲು ಇನ್ನು ತೆರೆಯುವುದೇ ಇಲ್ಲ ಎನ್ನಿಸಿತು. ಸತ್ತೆ, ಈಗಲೇ ಸತ್ತೆ ಎಂದು ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. "ಏನಾಯ್ತು ರೀ?" ಎಂದಳು ಹೊಸ ಹೆಂಡತಿ. ಹೊಸ ಹೆಂಡತಿಗೆ ಹೆದರಿಕೆ ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ? "ವಾಂತಿ" ಎಂದುಬಿಟ್ಟರು. ಬಸ್ಸಿಗೆ ಬಸ್ಸೇ ಸೇವೆಗೆ ನಿಂತಿತು. ಹಿಂದಿನ ಸೀಟಿನ ಅಜ್ಜಿಯೊಬ್ಬರು ತಮ್ಮ ಸಂಚಿಯಿಂದ ವಾಂತಿ ಮಾತ್ರೆ ತೆಗೆದು ಬಾಯಿಗೇ ಹಾಕಿದರು. ಸ್ವಲ್ಪ ಹೊತ್ತಿಗೆ ಗಮನ ಸಾರ್ ನಿದ್ದೆ ಹೋದರು. ಎದೆಬಡಿತ ನಿಂತಿತೋ ಇಲ್ಲವೋ, ನೋಡುವುದಕ್ಕೆ ಅವರೇ ಅಲ್ಲಿ ಇರಲಿಲ್ಲ.

ಅಲ್ಲಿಗೆ ಅವರು ಒಂದು ಸಿದ್ಧಾಂತಕ್ಕೆ ಬಂದರು: ವಾಂತಿ ಮಾತ್ರೆ ಹೆದರಿಕೆಗೆ ರಾಮಬಾಣ. ಆ ಮಾತ್ರೆ ಹೆದರಿಕೆಯನ್ನಲ್ಲ, ಹೆದರುವ ಮನುಷ್ಯನನ್ನೇ ಮಲಗಿಸುತ್ತದೆ ಎಂಬುದು ಅವರ ತಲೆಗೆ ಹೋಗಲಿಲ್ಲ. ಷಡ್ಡಕನ ಮನೆಯಲ್ಲಿ ಊಟಕ್ಕೆ ಕೂತವರು ತಟ್ಟೆಗೆ ಕೆನ್ನೆ ಆನಿಸಿ ಮಲಗಿಬಿಟ್ಟರು. ಆ ಪುಣ್ಯಾತ್ಮ ಇವತ್ತಿಗೂ "ಅವತ್ತು ಭಾವ ಕುಡಿದೇ ಬಂದಿದ್ದ" ಎಂದು ಹೇಳಿಕೊಂಡು ತಿರುಗುತ್ತಾನೆ. ಅವನ ಹೆಸರು ಎತ್ತಿದರೆ ಗಮನ ಸಾರ್‌ಗೆ ಈಗಲೂ ಮೈ ಉರಿಯುತ್ತದೆ.

ಹೀಗಿರುವಾಗ ಅವರ ಮಗಳು ಬಸ್ ಡ್ರೈವರಾದಳು.

ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳಬೇಡಿ. ಹುಟ್ಟಿದಾಗಿನಿಂದ ಗೋಡೆಯಾಚೆ ಬಸ್ಸಿನ ಸದ್ದು ಕೇಳಿ ಬೆಳೆದ ಹುಡುಗಿ, ಗೇರ್ ಬದಲಾದ ಸದ್ದಿನಲ್ಲೇ ಇಂಥ ಬಸ್ಸು ಎಂದು ಹೇಳುತ್ತಿದ್ದಳು. ಪರೀಕ್ಷೆ ಕಟ್ಟಿದಳು, ಪಾಸಾದಳು, ಖಾಕಿ ಹೊಲಿಸಿಕೊಂಡಳು. ಅವಳಿಗೆ ಸಿಕ್ಕಿದ್ದು ಗುಡ್ಡದ ಮೇಲಿನ ಊರಿಗೆ ಹೋಗುವ ಬಸ್ಸು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಹಾವು ಮಲಗಿದ ಹಾಗೆ ರಸ್ತೆ. ಗಮನ ಸಾರ್‌ಗೆ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ. ಹಿಡಿಸದೆ ಹೋದದ್ದು ಮೈಕಿಗೆ ಬಂತು.

"ಪ್ರಯಾಣಿಕರ ಗಮನಕ್ಕೆ. ಬರುವ ಸೋಮವಾರದಿಂದ ಗುಡ್ಡದ ಬಸ್ಸನ್ನು ನನ್ನ ಮಗಳು ಓಡಿಸುತ್ತಾಳೆ. ಮೊದಲನೇ ಟ್ರಿಪ್ಪಿನ ಮೊದಲನೇ ಸೀಟಿನಲ್ಲಿ ಸ್ವತಃ ನಾನೇ ಕೂತು ಹೋಗುತ್ತೇನೆ ಎಂದು ತಿಳಿಸಲು ಸಂತೋಷಪಡುತ್ತೇನೆ."

ನಿಲ್ದಾಣ ಚಪ್ಪಾಳೆ ಹೊಡೆಯಿತು. ಗೋಡೆಯಾಚೆ ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು. ಮಗಳು ಡಿಪೊದಿಂದ ಓಡಿಬಂದು ಗಾಜಿನ ಮೇಲೆ ಅಂಗೈ ಬಡಿದು ನಕ್ಕಳು. ಆ ನಗು ನೋಡಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ. ಗುಂಡಿಯಿಂದ ಬೆರಳು ತೆಗೆದ ಮೇಲೆ ಗಮನ ಸಾರ್‌ಗೆ ತಾವು ಏನು ಹೇಳಿದೆವು ಎಂಬುದು ಹೊಳೆದು ಅಂಗೈ ತಣ್ಣಗಾಯಿತು.

ಸಂಜೆ ನಿಲ್ದಾಣದೊಳಗಿನ ಔಷಧಿ ಅಂಗಡಿಗೆ ಹೋದರು. ಅಂಗಡಿಯವನು ಔಷಧಿಗಿಂತ ಸುದ್ದಿಯನ್ನೇ ಹೆಚ್ಚು ದಾಸ್ತಾನು ಇಟ್ಟುಕೊಂಡ ಮನುಷ್ಯ.

"ವಾಂತಿ ಮಾತ್ರೆ ಕೊಡಪ್ಪ."

"ಯಾರಿಗೆ ಸಾರ್?"

"ನನಗೇ."

"ನೀವು ಎಲ್ಲಿಗೂ ಹೋಗಲ್ವಲ್ಲ ಸಾರ್?"

"ಸೋಮವಾರ ಹೋಗ್ತೀನಲ್ಲ! ಮಗಳ ಬಸ್ಸಲ್ಲಿ. ಮೈಕಲ್ಲಿ ಕೇಳಲಿಲ್ವಾ?"

ಅಂಗಡಿಯವನ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. "ಓಹೋ, ಮಗಳ ಬಸ್ಸಿಗೆ... ಒಂದು ಮಾತ್ರೆ ಸಾಕಾ ಸಾರ್?"

"ಒಂದು ಪಟ್ಟಿನೇ ಕೊಡು."

"ಪೂರ್ತಿ ಪಟ್ಟಿ!" ಎಂದ ಅಂಗಡಿಯವನು. "ನಿದ್ದೆ ಬರಿಸುತ್ತೆ ಸಾರ್, ಹುಷಾರು."

ಗಮನ ಸಾರ್ ಮನೆಗೆ ತಲುಪುವ ಮೊದಲೇ ಆ ಪಟ್ಟಿ ಊರು ಸುತ್ತಿತ್ತು. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಹಡೆದ ಅಪ್ಪನೇ ಆ ಹುಡುಗಿಯ ಬಸ್ಸು ಹತ್ತಲು ವಾಂತಿ ಮಾತ್ರೆ ಕೊಂಡರಂತೆ ಎಂಬುದು ಟೀ ಅಂಗಡಿಗೆ ಬರುವಷ್ಟರಲ್ಲಿ, ಟ್ರೈನಿಂಗ್‌ನಲ್ಲೇ ಪಕ್ಕ ಕೂತವರೆಲ್ಲ ವಾಂತಿ ಮಾಡಿದರಂತೆ ಎಂದಾಗಿತ್ತು. ತರಕಾರಿ ಗಾಡಿಯ ಹತ್ತಿರ ಅದು, ಸಾಹೇಬರೊಬ್ಬರು ಆಸ್ಪತ್ರೆ ಸೇರಿದ್ದಾರಂತೆ ಎಂದಾಯಿತು. ಎದುರು ಮನೆಯಾಕೆ ಇದನ್ನೆಲ್ಲ ಒಟ್ಟು ಮಾಡಿಕೊಂಡು ಸಾರ್ ಅವರ ಹೆಂಡತಿಯ ಬಳಿ ಬಂದರು.

"ತಪ್ಪು ತಿಳ್ಕೋಬೇಡಿ ಅಕ್ಕ. ನಮ್ಮ ಯಜಮಾನ್ರಿಗೆ ಮೊದಲೇ ಬಿಪಿ. ಸೋಮವಾರ ಗುಡ್ಡಕ್ಕೆ ಹೋಗ್ಬೇಕಿತ್ತು. ನಿಮ್ಮ ಹುಡುಗಿ ಬಸ್ಸು ಬಿಟ್ಟು ಹಿಂದೆ ಬರೋ ಬಸ್ಸಿಗೆ ಹೋಗ್ಲಾ ಅಂತ ಕೇಳ್ತಿದ್ರು. ನಿಮ್ಮನ್ನೇ ಕೇಳೋಣ ಅಂತ ಬಂದೆ."

ಆಕೆ ಹೋದ ಮೇಲೆ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಒಂದು ಮಾತ್ರೆ ನುಂಗೋಕೆ ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ ರೀ? ಹೆತ್ತ ಮಗಳ ಅನ್ನಕ್ಕೆ ಕಲ್ಲು ಹಾಕ್ತೀರಾ?"

"ನಾನೇನು ಮಾಡ್ದೆ? ವಾಂತಿ ನನ್ನ ಹೊಟ್ಟೆ ವಿಷಯ!"

"ಹೊಟ್ಟೆ ವಿಷಯ ಆದ್ರೆ ಹೊಟ್ಟೇಲೇ ಇಟ್ಕೋಬೇಕಿತ್ತು!"

ಗಮನ ಸಾರ್‌ಗೆ ಅಂಗಡಿಯವನ ಮೇಲೆ ಸಿಟ್ಟು ಬಂತು, ಎದುರು ಮನೆಯಾಕೆಯ ಮೇಲೆ ಸಿಟ್ಟು ಬಂತು, ಸೌಟಿನ ಮೇಲೂ ಸಿಟ್ಟು ಬಂತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಊರಿಗೆಲ್ಲ "ಬೇಗ ಹತ್ತಿ, ಬೇಗ ಹತ್ತಿ" ಎಂದು ಕೂಗಿದ ಬಾಯಿ ಹೆಂಡತಿಯ ಮುಂದೆ "ನನಗೆ ಬಸ್ಸೆಂದರೆ ಹೆದರಿಕೆ" ಎಂದು ಹೇಗೆ ಹೇಳೀತು? ಅವರು ಬಾಗಿಲು ಬಡಿದು ಮಲಗಿದರು. ಬಾಗಿಲಾದರೂ ಏನು ತಪ್ಪು ಮಾಡಿತ್ತೋ ಕಾಣೆ.

ಸೋಮವಾರ ಬಂತು. ಬಸ್ಸು ಹೊರಡುವ ಅರ್ಧ ಗಂಟೆ ಮೊದಲು ಒಂದು ಮಾತ್ರೆ ಎಂದು ಪಟ್ಟಿಯ ಮೇಲೆ ಬರೆದಿತ್ತು. ಒಂದು ಮಾತ್ರೆ ಬಯಲು ರಸ್ತೆಗೆ ಸಾಕು, ಗುಡ್ಡಕ್ಕೆ ಎಲ್ಲಿ ಸಾಲುತ್ತದೆ ಎಂದು ಸಾರ್ ತಾವೇ ವೈದ್ಯರಾಗಿ ಎರಡು ನುಂಗಿದರು. ಎರಡನೇ ಪಾಳಿಯವನು ಬರುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಗುಡ್ಡದ ಬಸ್ಸು ಬಂದು ನಿಂತೇಬಿಟ್ಟಿತು. ಹೊಸ ಖಾಕಿಯಲ್ಲಿ ಸ್ಟೇರಿಂಗ್ ಹಿಂದೆ ಕೂತ ಮಗಳನ್ನು ಗಾಜಿನಾಚೆ ನೋಡಿ ಸಾರ್ ಕಣ್ಣು ಒರೆಸಿಕೊಂಡರು. ಈ ಒಂದು ಬಸ್ಸನ್ನು ತಾವೇ ಕೂಗಿ ಎದ್ದು ಹೋಗೋಣ ಎಂದು ಗುಂಡಿ ಒತ್ತಿದರು.

"ಪ್ರಯಾಣಿಕರ ಗಮನಕ್ಕೆ. ಗುಡ್ಡಕ್ಕೆ ಹೋಗುವ ಬಸ್ಸು..."

ನಿಲ್ದಾಣ ಕಾಯಿತು. ಬಸ್ಸು ಏನಾಯಿತು ಎಂದು ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಲ್ದಾಣದ ಎಲ್ಲ ಸ್ಪೀಕರುಗಳಿಂದ ಒಂದು ಉದ್ದನೆಯ ಗೊರಕೆ ಹೊರಟಿತು. ಅದು ಮೂತ್ರಾಲಯದ ಹತ್ತಿರವೂ ಕೇಳಿಸಿತು, ಮೇಲಿನ ಕ್ಯಾಂಟೀನಿನಲ್ಲೂ ಕೇಳಿಸಿತು. ಗಮನ ಸಾರ್ ಕೆಂಪು ಗುಂಡಿಯ ಮೇಲೆ ಮೊಣಕೈ ಊರಿ, ಮೈಕಿಗೆ ಹಣೆ ಆನಿಸಿ, ಸುಖವಾಗಿ ಮಲಗಿದ್ದರು.

"ಅಯ್ಯೋ, ಹುಡುಗಿ ಅಪ್ಪ ಮೂರ್ಛೆ ಹೋದ್ರು!" ಎಂದು ಯಾರೋ ಕಿರುಚಿದರು.

"ಬಸ್ಸು ಹತ್ತೋಕೆ ಮುಂಚೇನೇ!" ಎಂದರು ಇನ್ಯಾರೋ.

ಬಸ್ಸಿನಲ್ಲಿ ಕೂತಿದ್ದ ಎಷ್ಟೋ ಜನ ಚೀಲ ಹೆಗಲಿಗೇರಿಸಿ ಇಳಿದರು. ಎದುರು ಮನೆಯ ಯಜಮಾನರು ಎಲ್ಲರಿಗಿಂತ ಮೊದಲು ಇಳಿದರು. ಮಗಳು ಗಾಜಿನ ಗೂಡಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಖಾಲಿ ಸೀಟುಗಳನ್ನು ಹೊತ್ತುಕೊಂಡು ಹೊರಟಳು.

ಸಂಜೆ ಅವಳು ಮನೆಗೆ ಬಂದಾಗ ಗಮನ ಸಾರ್ ಇನ್ನೂ ಆಕಳಿಸುತ್ತಿದ್ದರು.

"ಮೊದಲನೇ ಸೀಟು ಹಿಡಿದಿಟ್ಟಿದ್ದೆ ಅಪ್ಪ," ಎಂದಳು. "ಒಬ್ಬರು ಅಜ್ಜಿ ನಿಂತೇ ಇದ್ರು. ಕೂರೋಕೆ ಬಿಡಲಿಲ್ಲ. ನಮ್ಮಪ್ಪ ಬರ್ತಾರೆ ಅಂದೆ. ಅಷ್ಟರಲ್ಲಿ ಮೈಕಲ್ಲಿ ನಿಮ್ಮ ಗೊರಕೆ ಬಂತು."

"ಅದು ಮರಿ, ಮಾತ್ರೆ..."

"ಗೊತ್ತು! ಊರಿಗೇ ಗೊತ್ತು! ನನ್ನ ಬಸ್ಸಿಗೆ ಅಂತ ಒಂದು ಪಟ್ಟಿ ತಗೊಂಡ್ರಂತಲ್ಲ. ಮೈಕಲ್ಲಿ ಒಂದು ಮಾತು, ಅಂಗಡೀಲಿ ಒಂದು ಮಾತು. ನಾನು ಓಡಿಸ್ತೀನಿ ಅಂತ ನಿಮಗೇ ನಂಬಿಕೆ ಇಲ್ಲ ಅಂದ್ಮೇಲೆ ಊರಿನವರು ಯಾಕೆ ಹತ್ತಬೇಕು?"

"ಹಾಗಲ್ಲ ಮರಿ. ನನ್ನ ಹೊಟ್ಟೆ..."

"ಹೊಟ್ಟೆ ಅಂತೆ!" ಅವಳು ತಟ್ಟೆ ದೂಡಿ ಎದ್ದಳು. ಅವಳ ಕಣ್ಣು ಕೆಂಪಾಗಿತ್ತು. ಸಿಟ್ಟಿಗೋ ಅಳುವಿಗೋ ಎಂದು ನೋಡುವ ಧೈರ್ಯ ಗಮನ ಸಾರ್‌ಗೆ ಬರಲಿಲ್ಲ.

ಮರುದಿನದಿಂದ ಗುಡ್ಡದ ಬಸ್ಸು ಖಾಲಿ ಹೋಗತೊಡಗಿತು. ಜನ ಬಿಸಿಲಿನಲ್ಲಿ ನಿಂತರೂ ಸರಿ, ಹಿಂದೆ ಬರುವ ಬಸ್ಸಿಗೇ ಕಾಯುತ್ತಿದ್ದರು. ಆ ಬಸ್ಸಿನ ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಾಯಿತುಂಬ ಅಡಿಕೆ ಜಗಿಯುತ್ತಾ ಗುಡ್ಡ ಹತ್ತುವ ಶೂರ. ಅವನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಇಂಥ ಬುದ್ಧಿವಂತ ಜನರಿಗೆ ಬಸ್ಸು ಯಾಕೆ, ಎತ್ತಿನ ಗಾಡಿಯೂ ದಂಡ. ಔಷಧಿ ಅಂಗಡಿಯವನಂತೂ ನಾಚಿಕೆ ಬಿಟ್ಟು "ಗುಡ್ಡದ ಬಸ್ಸಿನ ಪ್ರಯಾಣಿಕರಿಗೆ ವಾಂತಿ ಮಾತ್ರೆ ಇಲ್ಲಿ ದೊರೆಯುತ್ತದೆ" ಎಂದು ರಟ್ಟಿನ ಬೋರ್ಡು ಬರೆಸಿ ನೇತುಹಾಕಿದ.

ವಾರದ ಕೊನೆಗೆ ಡಿಪೊ ಮ್ಯಾನೇಜರು ಗಮನ ಸಾರ್ ಅವರನ್ನು ಕರೆಸಿದರು. ಮ್ಯಾನೇಜರ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ಸುತ್ತೋಲೆಗಳು, ಮೇಲೆ ಅರ್ಧ ಕುಡಿದ ಕಾಫಿ.

"ಕೂತ್ಕೊಳ್ಳಿ. ಒಂದು ಟೆಕ್ನಿಕಲ್ ಪ್ರಶ್ನೆ. ನಿಮಗೆ ವಾಂತಿ ಬರೋದು ಏರೋವಾಗಲೋ ಇಳಿಯೋವಾಗಲೋ?"

"ಸಾರ್, ನಾನು ಅವಳ ಬಸ್ಸು ಹತ್ತೇ ಇಲ್ಲ!"

"ಅದನ್ನೇ ಜನ ಹೇಳ್ತಿರೋದು. ಹೆತ್ತ ಅಪ್ಪನೇ ಹತ್ತಲ್ಲ ಅಂತ." ಮ್ಯಾನೇಜರು ಕಾಫಿ ಲೋಟದೊಳಗೆ ನೋಡಿದರು. "ನೋಡಿ, ಹುಡುಗಿ ಚೆನ್ನಾಗಿ ಓಡಿಸ್ತಾಳೆ. ನಾನೇ ಪರೀಕ್ಷೆ ಮಾಡಿದ್ದೀನಿ. ಆದ್ರೆ ಬಸ್ಸು ಖಾಲಿ ಓಡಿಸೋಕೆ ಆಗುತ್ತಾ? ನಾಳೆಯಿಂದ ಅವಳಿಗೆ ಡಿಪೊ ಒಳಗೆ ಡ್ಯೂಟಿ ಹಾಕ್ತೀನಿ. ತೊಳೆಯೋ ಕಡೆಯಿಂದ ಡೀಸೆಲ್ ಕಡೆಗೆ ಬಸ್ಸು ತಂದು ನಿಲ್ಲಿಸ್ಲಿ. ಜನ ಮರೆತ ಮೇಲೆ ನೋಡೋಣ."

"ಜನ ಯಾವಾಗ ಮರೀತಾರೆ ಸಾರ್?"

"ನೀವು ರಿಟೈರ್ ಆದ್ಮೇಲೆ."

ಗಮನ ಸಾರ್ ಎದ್ದು ನಿಂತರು. ಮುಖ ಕೆಂಡವಾಗಿತ್ತು. ಪರೀಕ್ಷೆ ಪಾಸಾದ ಹುಡುಗಿ ಬಕೆಟ್ಟುಗಳ ನಡುವೆ ಹಿಂದೆ ಮುಂದೆ ಓಡಾಡಬೇಕು, ಫೋನು ಹಿಡಿದ ಶೂರ ಗುಡ್ಡ ಹತ್ತಬೇಕು! ಕಾರಣ ಏನು? ಒಬ್ಬ ಗಂಡಸು ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಆ ಗಂಡಸಿನ ಮೇಲೆ ಅವರಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಕೈಗೆ ಸಿಕ್ಕಿದ್ದರೆ ಎರಡು ಬಿಗಿದೇ ಬಿಡುತ್ತಿದ್ದರು. ದುರದೃಷ್ಟಕ್ಕೆ ಆ ಗಂಡಸು ತಾವೇ ಆಗಿದ್ದರು.

ಅವರು ದಡದಡ ನಡೆದು ಗಾಜಿನ ಗೂಡಿಗೆ ನುಗ್ಗಿ, ಎರಡನೇ ಪಾಳಿಯವನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ, ನಿಂತುಕೊಂಡೇ ಗುಂಡಿ ಒತ್ತಿದರು.

"ಪ್ರಯಾಣಿಕರ ಗಮನಕ್ಕೆ. ಪ್ರಯಾಣಿಕರಷ್ಟೇ ಅಲ್ಲ, ಔಷಧಿ ಅಂಗಡಿಯವನ ಗಮನಕ್ಕೆ, ಎದುರು ಮನೆಯವರ ಗಮನಕ್ಕೆ, ಮಾಡೋಕೆ ಬೇರೆ ಕೆಲಸ ಇಲ್ಲದ ಸಮಸ್ತರ ಗಮನಕ್ಕೆ! ನನಗೆ ಹುಟ್ಟಿದಾಗಿಂದ ಬಸ್ಸಲ್ಲಿ ಒಂದು ಸಲಾನೂ ವಾಂತಿ ಬಂದಿಲ್ಲ. ನನಗೆ ಬರೋದು ಹೆದರಿಕೆ! ಹೌದು, ಹೆದರಿಕೆ. ಎದೆ ಹೊಡ್ಕೊಳ್ಳುತ್ತೆ, ಕೈಕಾಲು ತಣ್ಣಗಾಗುತ್ತೆ, ಸತ್ತೇಹೋದೆ ಅನ್ಸುತ್ತೆ. ಮಗಳ ಬಸ್ಸು ಅಂತಲ್ಲ, ಯಾವ ಬಸ್ಸಾದ್ರೂ ಹೆದರಿಕೆ. ನಿಂತಿರೋ ಬಸ್ಸೂ ಹೆದರಿಕೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ ವಾಂತಿ ಅಂದೆ, ಮಾತ್ರೆ ನುಂಗಿದೆ, ನಿದ್ದೆ ಹೊಡೆದೆ. ಅದು ನನ್ನ ತಪ್ಪು. ನನ್ನ ಮಗಳ ಕೈಯಲ್ಲಿ ಏನೂ ತಪ್ಪಿಲ್ಲ. ಇವತ್ತು ಮಧ್ಯಾಹ್ನದ ಟ್ರಿಪ್ಪಿಗೆ ಮಾತ್ರೆ ಇಲ್ಲದೆ ನಾನು ಹತ್ತುತ್ತೀನಿ. ಸತ್ರೆ ಹೆದರಿಕೆಗೆ ಸಾಯ್ತೀನಿ, ಡ್ರೈವಿಂಗಿಗಲ್ಲ. ಗಮನಿಸಬೇಕಾಗಿ ವಿನಂತಿ!"

ಮೊದಲು ಟೀ ಅಂಗಡಿಯ ಕಡೆಯಿಂದ ಒಂದು ನಗು ಹೊರಟಿತು. ಅದು ಹಣ್ಣಿನ ಗಾಡಿ ದಾಟಿ, ಮೂಟೆ ಹೊರುವವರನ್ನು ದಾಟಿ, ಇಡೀ ನಿಲ್ದಾಣಕ್ಕೆ ಹಬ್ಬಿತು. ಬಸ್ ನಿಲ್ದಾಣದ ಮೈಕಿನವರಿಗೇ ಬಸ್ಸೆಂದರೆ ಹೆದರಿಕೆಯಂತೆ! ಹೆಂಡತಿ ಗೋಡೆಯಾಚೆಯಿಂದ ಕೈ ಒರೆಸಿಕೊಳ್ಳುತ್ತಲೇ ಓಡಿಬಂದರು.

"ಯಾವತ್ತಾದ್ರೂ ಬಸ್ಸು ಹತ್ತಬಹುದು ಅಂತ ಇಷ್ಟು ವರ್ಷ ನಿಮಗೋಸ್ಕರ ಚೀಲದಲ್ಲಿ ನಿಂಬೆಹಣ್ಣು ಹೊತ್ತಿದ್ದೀನಲ್ಲ ರೀ!" ಎಂದು ಗಾಜಿನಾಚೆಯಿಂದ ಕೂಗಿದರು. "ಕಟ್ಟಿಕೊಂಡವಳಿಗಾದ್ರೂ ಹೇಳಬಾರದಿತ್ತಾ? ನಿಂಬೆಹಣ್ಣಿನ ಬದಲು ಕೈ ಹಿಡ್ಕೊಂಡು ಕೂರ್ತಿದ್ದೆ!"

ಎಲ್ಲರ ಎದುರು ಹಾಗೆ ಅಂದದ್ದಕ್ಕೆ ಆಕೆಗೇ ನಾಚಿಕೆಯಾಗಿ ಇನ್ನೂ ನಾಲ್ಕು ಬೈದರು.

ಮಧ್ಯಾಹ್ನ ಗುಡ್ಡದ ಬಸ್ಸಿಗೆ ಕಾಲಿಡಲು ಜಾಗ ಇರಲಿಲ್ಲ. ಮಗಳ ಮೇಲೆ ನಂಬಿಕೆ ಬಂದು ಹತ್ತಿದರು ಎಂದುಕೊಳ್ಳಬೇಡಿ. ಗಮನ ಸಾರ್ ಹೆದರುವುದನ್ನು ನೋಡಲು ಹತ್ತಿದರು. ಗುಡ್ಡದಲ್ಲಿ ಯಾವ ಕೆಲಸವೂ ಇಲ್ಲದವರು ಟಿಕೆಟ್ ತೆಗೆದುಕೊಂಡರು. ಎದುರು ಮನೆಯ ಯಜಮಾನರು ಬಿಪಿಯನ್ನು ಮರೆತು ಒಳ್ಳೆಯ ಸೀಟು ನೋಡಿ ಕೂತರು. ಔಷಧಿ ಅಂಗಡಿಯವನು ಕಿಟಕಿಯಲ್ಲಿ ಕೈ ತೂರಿಸಿ "ಸಾರ್, ಒಂದಾದ್ರೂ ಇಟ್ಕೊಳ್ಳಿ, ಫ್ರೀ" ಎಂದ. "ನೀನೇ ನುಂಗಿ ಮಲ್ಕೋ! ಊರಿಗೆ ನೆಮ್ಮದಿ ಸಿಗುತ್ತೆ!" ಎಂದು ಗಮನ ಸಾರ್ ಕಿಟಕಿ ಎಳೆದರು.

ಅವರು ಮೊದಲನೇ ಸೀಟಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ. ಮಗಳು ಸ್ಟೇರಿಂಗ್ ಹಿಂದೆ ಕೂತು ಕನ್ನಡಿ ಸರಿ ಮಾಡಿಕೊಂಡಳು. ಅಪ್ಪನ ಕಡೆ ತಿರುಗಲಿಲ್ಲ, ಮಾತಾಡಲಿಲ್ಲ. ಕಂಡಕ್ಟರನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವನು ಬಡಪಾಯಿ, ಟಿಕೆಟ್ ಕೇಳುವ ಮೊದಲು ಕ್ಷಮೆ ಕೇಳುವ ಜಾತಿಯವನು. "ನನ್ನ ಕೈಲಾಗಲ್ಲ ಮೇಡಂ" ಎನ್ನುವ ಹಾಗೆ ತಲೆ ಅಲ್ಲಾಡಿಸಿದ. ಅವಳು ಕಣ್ಣು ಬಿಟ್ಟಳು. ಅವನು ಸೀಟಿ ಊದಿದ, ಬಸ್ಸು ಹೊರಟಿತು.

ನಿಲ್ದಾಣದ ಗೇಟು ದಾಟುತ್ತಿದ್ದಂತೆ ಅದು ಬಂತು. ಎದೆ ಡಬಡಬ ಎಂದಿತು. ಅಂಗೈ ತಣ್ಣಗಾಯಿತು. ಬಾಗಿಲು ಇನ್ನು ತೆರೆಯುವುದಿಲ್ಲ ಎನ್ನಿಸಿತು. ಹೆಂಡತಿ ಕೈ ಹಿಡಿದುಕೊಂಡರು. ಸಾಲಲಿಲ್ಲ. ಹಿಂದಿನ ಸೀಟುಗಳಿಂದ ಕತ್ತುಗಳು ಉದ್ದವಾದವು. "ಶುರುವಾಯ್ತು, ಶುರುವಾಯ್ತು" ಎಂದು ಯಾರೋ ಪಿಸುಗುಟ್ಟಿದರು. ಗುಡ್ಡದ ಬುಡ ಕಾಣಿಸಿತು. "ನಿಲ್ಲಿಸು ಮರಿ" ಎಂದು ಕೂಗಲು ಗಮನ ಸಾರ್ ಬಾಯಿ ತೆರೆದರು. ಕೂಗಿದರೆ ಮಗಳ ಬಸ್ಸು ಇವತ್ತಿಗೆ ಮುಗಿಯಿತು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿ ತೆರೆದಿತ್ತು.

ಆಗ ಕಂಡಕ್ಟರು ಎದುರು ಬಂದು ನಿಂತ.

"ಕ್ಷಮಿಸಿ ಸಾರ್. ನೀವು ಮೈಕಲ್ಲಿ ಕೂಗೋದು ಯಾರಿಗೂ ಅರ್ಥ ಆಗಲ್ಲ."

ಗಮನ ಸಾರ್ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಏನಂದೆ?"

"ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡ ಹಾಗೆ ಕೇಳುತ್ತೆ ಸಾರ್. ಕ್ಷಮಿಸಿ."

"ಏಯ್! ಯಾರಿಗೆ ಹೇಳ್ತಿದ್ದೀಯ? ನನ್ನ ಒಂದಕ್ಷರ ತಪ್ಪು ತೋರಿಸು ನೋಡೋಣ! ಇವತ್ತಿನವರೆಗೂ 'ಳ'ಕಾರ 'ಲ'ಕಾರ ಹೆಚ್ಚುಕಮ್ಮಿ ಮಾಡಿದವನಲ್ಲ ನಾನು!"

"ಕಂಡಕ್ಟರ್ ಹೇಳೋದು ನಿಜ ಕಣ್ರೀ," ಎಂದರು ಹಿಂದಿನಿಂದ ಎದುರು ಮನೆಯ ಯಜಮಾನರು, ಯಾರೂ ಕೇಳದಿದ್ದರೂ. "ಒಂದು ಸಲ ಇವರು ಆರನೇ ಪ್ಲಾಟ್‌ಫಾರಂ ಅಂದ್ರು, ಬಸ್ಸು ಮೂರರಲ್ಲಿತ್ತು. ನಮ್ಮ ಅತ್ತೆ ಬೇರೆ ಊರಿಗೆ ಹೋಗ್ಬಿಟ್ರು."

"ಮೂರು ಅಂದ್ರೆ ಮೂರೇ! ನಿಮ್ಮತ್ತೆ ಕಿವಿಗೆ ಆರು ಕೇಳ್ಸಿದ್ರೆ ನಾನೇನು ಮಾಡ್ಲಿ?" ಗಮನ ಸಾರ್ ಎದ್ದು ನಿಂತೇಬಿಟ್ಟರು. ಕಂಬಿ ಬಿಟ್ಟು ಎರಡೂ ಕೈ ಬೀಸುತ್ತಿದ್ದರು. "ಅವತ್ತು ಮೊದಲು ಹೆದರಿ ಇಳಿದವರು ನೀವು! ಬಿಪಿ ಅಂತೆ! ಇವತ್ತು ತಮಾಷೆ ನೋಡೋಕೆ ಬಂದಾಗ ಎಲ್ಲಿ ಹೋಯ್ತು ನಿಮ್ಮ ಬಿಪಿ?"

ಬಸ್ಸು ಹೋ ಎಂದು ನಕ್ಕಿತು. ಯಜಮಾನರು ಉತ್ತರ ಕೊಟ್ಟರು. ಸಾರ್ ಅದಕ್ಕೆ ಉತ್ತರ ಕೊಟ್ಟರು. ಒಬ್ಬಾಕೆ ಫ್ಯಾನು ಗಾಳಿಯ ಸದ್ದೂ ಮೈಕಲ್ಲಿ ಬರುತ್ತದೆ ಎಂದರು, ಇನ್ನೊಬ್ಬ ವಿದ್ಯಾರ್ಥಿ ತಾನು ಪರೀಕ್ಷೆಗೆ ತಡವಾಗಿ ಹೋದದ್ದು ಇವರಿಂದಲೇ ಎಂದ. ಕಂಡಕ್ಟರನಿಗೆ ಈಗ ಧೈರ್ಯ ಬಂದು ಕ್ಷಮೆ ಕೇಳುವುದನ್ನೂ ಬಿಟ್ಟಿದ್ದ. ಗಮನ ಸಾರ್ ಒಬ್ಬೊಬ್ಬರನ್ನೂ ಹುಡುಕಿ ಹುಡುಕಿ ಬೈದರು. ಡಿಪೊ ಮ್ಯಾನೇಜರನ್ನು ಬೈದರು, ಅಡಿಕೆ ಡ್ರೈವರನ್ನು ಬೈದರು, ಷಡ್ಡಕನನ್ನು ಅವನ ಮನೆ, ತಟ್ಟೆ ಸಮೇತ ಬೈದರು. ಅಷ್ಟು ವರ್ಷದಿಂದ ಒಳಗೆ ಕೂತಿದ್ದ ಮಾತೆಲ್ಲ ಮೈಕಿಲ್ಲದೆಯೇ ಕೊನೆಯ ಸೀಟಿಗೂ ಕೇಳಿಸಿತು. ಕೊನೆಯ ಸೀಟಿನವರು ಒಂದಕ್ಷರವೂ ಅರ್ಥವಾಗಲಿಲ್ಲ ಎನ್ನಲಿಲ್ಲ.

ಬಸ್ಸು ನಿಂತಿತು.

"ಯಾಕೆ ನಿಲ್ಲಿಸಿದೆ?" ಎಂದು ಸಾರ್ ಮಗಳ ಮೇಲೂ ಹರಿಹಾಯ್ದರು. "ನಾನಿನ್ನೂ ಮುಗಿಸಿಲ್ಲ!"

"ಊರು ಬಂತು ಅಪ್ಪ."

ಗಮನ ಸಾರ್ ಹೊರಗೆ ನೋಡಿದರು. ಕೆಳಗೆ ಬಹಳ ದೂರದಲ್ಲಿ ತಮ್ಮ ಊರು ಅಂಗೈಯಷ್ಟಗಲ ಕಾಣುತ್ತಿತ್ತು. ಎದೆಗೆ ಕೈ ಇಟ್ಟು ನೋಡಿಕೊಂಡರು. ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಬರೀ ಸಿಟ್ಟು. ಜನ ಇಳಿಯುತ್ತಾ "ಡ್ರೈವರ್ ಮೇಡಂ, ತಿರುವು ಬಂದದ್ದೇ ಗೊತ್ತಾಗ್ಲಿಲ್ಲ" ಎಂದರು. ಎದುರು ಮನೆಯ ಯಜಮಾನರು ವಾಪಸ್ಸು ಇದೇ ಬಸ್ಸಿಗೆ ಬರುತ್ತೇನೆ, ಸೀಟು ಇಟ್ಟಿರಿ ಎಂದು ಟವಲ್ ಹಾಸಿ ಟೀಗೆ ಹೋದರು.

"ಸಾರ್, ಕ್ಷಮಿಸಿ," ಎಂದ ಕಂಡಕ್ಟರು. "ಮೇಡಂ ಹೇಳ್ಕೊಟ್ಟಿದ್ದು. ಅಪ್ಪಂಗೆ ಹೆದರಿಕೆ ಬಂದ ತಕ್ಷಣ ಹೋಗಿ ಜಗಳ ತೆಗಿ, ಅವರ ಅನೌನ್ಸ್‌ಮೆಂಟ್ ಬಗ್ಗೆ ಏನಾದ್ರೂ ಅನ್ನು ಅಂದ್ರು. ಆಲೂಗಡ್ಡೇನೂ ಅವರದ್ದೇ."

ಮಗಳು ಕನ್ನಡಿಯಲ್ಲಿ ಅಪ್ಪನನ್ನು ನೋಡುತ್ತಿದ್ದಳು. ವಾರದ ಮೇಲೆ ಮೊದಲ ಸಲ.

"ಮನೇಲಿ ನೀವು ಬೈಯೋವಾಗ ಯಾವತ್ತಾದ್ರೂ ಹೆದರಿದ್ದು ನೋಡಿದ್ದೀನಾ ಅಂತ ಯೋಚನೆ ಮಾಡಿದೆ ಅಪ್ಪ. ಒಂದು ಸಲಾನೂ ನೆನಪಾಗಲಿಲ್ಲ."

ಗಮನ ಸಾರ್‌ಗೆ ಕಣ್ಣಲ್ಲಿ ನೀರು ಬರುವ ಸೂಚನೆ ಕಂಡು, ಅದನ್ನು ಯಾರಾದರೂ ನೋಡಿಯಾರು ಎಂದು, ಅವರು ಕೂಡಲೇ ಸಿಟ್ಟು ಮಾಡಿಕೊಂಡರು. "ಹೆತ್ತ ಅಪ್ಪನ್ನ ಊರಿನವರ ಕೈಲಿ ಬೈಸ್ತೀಯಾ? ನನ್ನ ಬಾಯಲ್ಲಿ ಆಲೂಗಡ್ಡೆ ಇಡ್ತೀಯಾ? ಇಷ್ಟು ಬುದ್ಧಿ ಇದ್ದವಳು ಮೊದಲೇ ಕೇಳಬಾರದಿತ್ತಾ, ಅಪ್ಪ, ಹೆದರಿಕೆನಾ ಅಂತ? ಒಂದು ವಾರ, ಒಂದು ವಾರ ಮಾತಾಡಿಸಲಿಲ್ಲ ನೀನು ನನ್ನನ್ನ..." ಎಂದು ಶುರು ಮಾಡಿದವರು ಟೀಗೆ ಹೋದವರೆಲ್ಲ ವಾಪಸ್ಸು ಬಂದು ಕೂತರೂ ನಿಲ್ಲಿಸಲಿಲ್ಲ. ಸೀಟಿ ಊದಿದ್ದು ಅವರಿಗೆ ಕೇಳಿಸಲಿಲ್ಲ. ಕಿಟಕಿಯಾಚೆ ಮರಗಳು ಹಿಂದಕ್ಕೆ ಹೋಗತೊಡಗಿದಾಗಲೇ ಅವರು ತಟ್ಟನೆ ಸುಮ್ಮನಾಗಿ ಕಂಬಿಗೆ ಕೈ ಚಾಚಿದರು.

"ನಿಲ್ಲಿಸಬೇಡಿ ಅಪ್ಪ," ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ. "ಬೈತಾ ಇರಿ. ಇಳಿಯೋವಾಗ ತಿರುವು ಜಾಸ್ತಿ."